ಕಾವೇರಿ ಮನೆಗೆ ಬಂದ ಮೇಲೆ

'ಶರಪಂಜರ' ಅಂದಕೂಡಲೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ತ್ರಿವೇಣಿ ಅಲ್ಲ, ಕಲ್ಪನಾ. ಅದರಲ್ಲೂ ಕೊನೆಯ ರೀಲುಗಳ ಕಲ್ಪನಾ. ಯುಗಾದಿ ಕಾರ್ಯಕ್ರಮದಲ್ಲಿ ಯಾರಾದರೂ ಆ ನಗು, ಆ ಮಾತಿನ ಧಾಟಿಯನ್ನು ಮಿಮಿಕ್ರಿ ಮಾಡಿದರೆ ಸಭಾಂಗಣವಿಡೀ ನಗುತ್ತೆ. ಹಾಗೆ ನಗುವವರನ್ನು ಕುರಿತೇ ಆ ಕಥೆ ಇದೆ ಅನ್ನುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ!

ಪುಟ್ಟಣ್ಣ ಕಣಗಾಲರ ಸಿನಿಮಾ ಬಂದದ್ದು 1972ರಲ್ಲಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅಷ್ಟು ಹೊತ್ತಿಗೆ ಇರಲಿಲ್ಲ. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡಿದ್ದರು. ಕಥೆ ನಿಮಗೆಲ್ಲ ಗೊತ್ತು. ಎರಡನೆಯ ಹೆರಿಗೆಯ ನಂತರ ಕಾವೇರಿಗೆ ಬುದ್ಧಿಭ್ರಮಣೆ, ಆಸ್ಪತ್ರೆ, ಚಿಕಿತ್ಸೆ, ಗುಣ, ಮನೆ. ಸಾಮಾನ್ಯ ಕಥೆಗಾರರು 'ಗುಣ' ಅನ್ನುವಲ್ಲಿ ಶುಭಂ ಹಾಕುತ್ತಿದ್ದರು. ತ್ರಿವೇಣಿಯವರಿಗೆ ನಿಜವಾದ ಕಥೆ ಶುರುವಾಗುವುದೇ ಅಲ್ಲಿ. ಕಾವೇರಿ ನಕ್ಕರೆ ಸಂಶಯ, ಅತ್ತರೆ ಇನ್ನೂ ಸಂಶಯ. ಗಂಡ ಸತೀಶನಿಗೆ ಬೇರೆ ಹೆಂಗಸಿನ ನಂಟು. ಆಸ್ಪತ್ರೆ ತನ್ನ ಕೆಲಸ ಮಾಡಿತ್ತು, ಮನೆ ಮಾಡಲಿಲ್ಲ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ರಿಲೀಸ್ ಆಯಿತು, ಸಪೋರ್ಟ್ ಟೀಮೇ ಇರಲಿಲ್ಲ.

ಇದು ಬರೀ ಕಾದಂಬರಿಕಾರ್ತಿಯ ಕಲ್ಪನೆ ಅಂದುಕೊಳ್ಳಬೇಡಿ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ 1950ರ ದಶಕದಿಂದಲೇ ಒಂದು ಪ್ರಶ್ನೆ ಹಿಡಿದು ಕೂತಿದ್ದರು: ಸ್ಕಿಜೊಫ್ರೇನಿಯಾದಿಂದ ಚೇತರಿಸಿಕೊಂಡು ಮನೆಗೆ ಹೋದವರಲ್ಲಿ ಕೆಲವರೇ ಯಾಕೆ ಬೇಗ ಮರಳಿ ಬರುತ್ತಾರೆ? ಮನೆಯವರ ಮಾತಿನಲ್ಲಿನ ಟೀಕೆ, ಹಗೆ, ಅತಿಯಾದ ಕಾಳಜಿ ಇವನ್ನೆಲ್ಲ ಅವರ ತಂಡ ಅಳೆಯಿತು. ಇವು ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು. ವಾರಕ್ಕೆ 35 ಗಂಟೆಗಿಂತ ಹೆಚ್ಚು ಎದುರುಬದುರು ಕೂತು ಕಳೆಯಬೇಕಾಗಿ ಬಂದರೆ ಅಪಾಯ ಇನ್ನೂ ಜಾಸ್ತಿ. ಅವರ ಮುಖ್ಯ ಪ್ರಬಂಧ ಅಚ್ಚಾದದ್ದೂ 1972ರಲ್ಲೇ. ಕಾವೇರಿಗೆ ದಿನದ 24 ಗಂಟೆಯೂ ಅದೇ ಮನೆ.

ಇಲ್ಲಿ ಕೆಲವರು ನನ್ನನ್ನು ತಡೆಯುತ್ತಾರೆ. "ಅದು ಬಿಳಿಯರ ಮನೆಗಳ ಕಥೆ, ನಮ್ಮಲ್ಲಿ ಕೂಡುಕುಟುಂಬ ಇದೆಯಲ್ಲ" ಅಂತ. ಆ ವಾದದಲ್ಲಿ ಸ್ವಲ್ಪ ಹುರುಳೂ ಇದೆ. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ಅಂಥ ಟೀಕೆ, ಹಗೆ ಲಂಡನ್ನಿಗಿಂತ ಕಡಿಮೆ ಕಂಡುಬಂದವು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಜೊತೆ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಪಾಲುದಾರರನ್ನಾಗಿ ಮಾಡಿಕೊಂಡಿದ್ದರು. ಆದರೆ ಅಮೃತಸರದಲ್ಲಿ ಕುಟುಂಬ ಕಲಿತದ್ದು ಯಾರೋ ಕಲಿಸಿದ್ದರಿಂದ. ಸತೀಶನಿಗೆ ಕಲಿಸಿದವರು ಯಾರು? ನೆರೆಹೊರೆಗೆ? "ಕುಟುಂಬ ನೋಡಿಕೊಳ್ಳುತ್ತೆ" ಎಂಬ ಮಾತನ್ನು ವಿದೇಶದಲ್ಲಿ ಕೂತ ನಾವು ಎಷ್ಟು ಹೆಮ್ಮೆಯಿಂದ ಹೇಳುತ್ತೇವೋ ಅಷ್ಟೇ ಸಲೀಸಾಗಿ ಹಣ ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಊರಲ್ಲಿ ನಿಜವಾಗಿ ನೋಡಿಕೊಳ್ಳುತ್ತಿರುವುದು ಬಹುಪಾಲು ಒಬ್ಬಳೇ ತಾಯಿ, ಅವಳಿಗೆ 70 ದಾಟಿರುತ್ತೆ.

ಕಥೆಯ ಬಗ್ಗೆ ನನಗೆ ತಕರಾರೂ ಇದೆ. ಕಾವೇರಿಯ ಕಾಯಿಲೆಗೆ ಮದುವೆಗೆ ಮುಂಚಿನ ಘಟನೆಯೊಂದರ ಪಾಪಪ್ರಜ್ಞೆಯನ್ನು ಗಂಟು ಹಾಕಲಾಗಿದೆ. ಫ್ರಾಯ್ಡ್ ಪ್ರಭಾವದ ಕಾಲ, ಒಪ್ಪೋಣ. ಆದರೆ ಬಾಣಂತಿಯರಿಗೆ ಬರುವ ಈ ತೀವ್ರ ಕಾಯಿಲೆಗೆ ಗುಟ್ಟೇನೂ ಬೇಕಿಲ್ಲ. 1000 ಹೆರಿಗೆಗೆ ಒಂದೆರಡರಂತೆ, ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ, ಯಾವ 'ತಪ್ಪೂ' ಮಾಡದ ಹೆಂಗಸರಿಗೂ ಬರುತ್ತೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ ಕೂಡ. ಕಾಯಿಲೆಗೆ ಒಂದು ಗುಟ್ಟನ್ನು ಕಾರಣ ಮಾಡಿದ್ದರಿಂದ ಪ್ರೇಕ್ಷಕರೂ ಅರಿವಿಲ್ಲದೆ ಸತೀಶನ ಪಕ್ಕ ಕೂತು ತನಿಖೆ ಮಾಡತೊಡಗುತ್ತಾರೆ. ಇನ್ನು ಸಿನಿಮಾ ಆ ಉನ್ಮಾದವನ್ನೇ ಹಬ್ಬ ಮಾಡಿತು. ಕಲ್ಪನಾ ಅದ್ಭುತ ನಟಿ, ಅದರಲ್ಲಿ ಎರಡು ಮಾತಿಲ್ಲ. ಆ ಅದ್ಭುತದ ಬೆಲೆಯನ್ನು ತೆತ್ತದ್ದು ಮಧ್ಯಭಾಗದ ಕಾವೇರಿ. ಗುಣವಾಗಿ, ಸರಿಯಾಗಿದ್ದೇನೆಂದು ಪ್ರತಿ ಗಂಟೆಗೂ ಸಾಬೀತು ಮಾಡಬೇಕಾದ ಆ ಕಾವೇರಿ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಇದಕ್ಕೆ ಪಕ್ಕಾ ಉಲ್ಟಾ 'ಎ ಬ್ಯೂಟಿಫುಲ್ ಮೈಂಡ್'. 2001ರ ಆ ಸಿನಿಮಾದಲ್ಲಿ ಪ್ರೀತಿಯೇ ಗೆಲ್ಲುತ್ತೆ. ನಿಜದಲ್ಲಿ ಅಲಿಶಿಯಾ ನ್ಯಾಶ್ 1963ರಲ್ಲಿ ವಿಚ್ಛೇದನ ಪಡೆದು, 1970ರಲ್ಲಿ ಜಾನ್ ನ್ಯಾಶ್‌ನನ್ನು ಮನೆಯಲ್ಲಿರಲು ಕರೆದುಕೊಂಡಳು, ಗಂಡನಾಗಿ ಅಲ್ಲ, ಬಾಡಿಗೆದಾರನ ಹಾಗೆ. ಕಂಪ್ಯೂಟರ್ ಪ್ರೋಗ್ರಾಮರ್ ಆಗಿ ದುಡಿದು ಮನೆ ನಡೆಸಿದಳು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅವನನ್ನು ಕಾರಿಡಾರಿನಲ್ಲಿ ಅಲೆಯಲು ಬಿಟ್ಟಿತು, ಅಷ್ಟೇ. ಆ 'ಅಷ್ಟೇ' ವರ್ಷಗಟ್ಟಲೆ ನಡೆಯಿತು. ಇದು ಪ್ರೇಮಕಥೆಗಿಂತ ಬೋರು, ಆದರೆ ಕಾವೇರಿಗೆ ಬೇಕಿದ್ದದ್ದು ಇದೇ.

ಈಗ ನಿಮ್ಹಾನ್ಸ್‌ನಲ್ಲಿ ಬಾಣಂತಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸಮಾಜದೊಳಗೆ ಬದುಕುವುದನ್ನು ರೋಗಿಯ ಹಕ್ಕು ಅನ್ನುತ್ತೆ, ಕುಟುಂಬ ಕೈಬಿಟ್ಟರೆ ಸರ್ಕಾರ ನೆರವಾಗಬೇಕು ಅನ್ನುತ್ತೆ. ಹಾಫ್‌ವೇ ಹೋಮ್‌ಗಳ ಮಾತೂ ಅದರಲ್ಲಿದೆ. ಬೆಂಗಳೂರು ಬಿಟ್ಟು ಒಂದು ತಾಲ್ಲೂಕು ಕೇಂದ್ರದಲ್ಲಿ ಅಂಥ ಮನೆ ಹುಡುಕಿ ನೋಡಿ. ಮುಂದಿನ ಸಲ ಊರಿಗೆ ಹೋದಾಗ 'ಶರಪಂಜರ'ದ ಪ್ರತಿ ಸಿಕ್ಕರೆ ತನ್ನಿ. ನಮ್ಮ ಬಳಗದ ಓದಿಗೆ ಅದನ್ನೇ ಇಟ್ಟುಕೊಳ್ಳೋಣ, ಸಿನಿಮಾ ಬೇಡ.