ಸೂರ್ಯಾಸ್ತವೂ ಊಟವೂ: ಜೇಜುರಿಯ ನೆಪದಲ್ಲಿ ಒಂದು ವಿಮರ್ಶೆ

ಹುಟ್ಟುಹಬ್ಬದ ಊಟಕ್ಕೆ ಹೋಟೆಲು ಆರಿಸುವಾಗ ನಮ್ಮ ಮನೆಗಳಲ್ಲಿ ಹಿಂದೆ ಎರಡೇ ಪ್ರಶ್ನೆಗಳಿದ್ದವು. ಅಡಿಗೆ ರುಚಿಯಾಗಿದೆಯೆ? ಎಲ್ಲರೂ ಒಟ್ಟಿಗೆ ಕೂರಲು ಜಾಗವಿದೆಯೆ? ಈಗ ಮೂರನೆಯದೊಂದು ಬಂದು ಈ ಎರಡನ್ನೂ ಹಿಂದಕ್ಕೆ ತಳ್ಳಿದೆ: ಅಲ್ಲಿಂದ ಸೂರ್ಯಾಸ್ತ ಕಾಣುತ್ತದೆಯೆ? ಪುಣೆಯಂಥ ನಗರದಲ್ಲಿ ತಾರಸಿಯ ಮೇಲಿನ ಹೋಟೆಲುಗಳು ಈ ಪ್ರಶ್ನೆಯನ್ನೇ ನೆಚ್ಚಿಕೊಂಡಿವೆ. ಊಟವನ್ನು ವಿಮರ್ಶಿಸುವವರು ಇದ್ದಾರೆ, ನೋಟವನ್ನು ಹೊಗಳುವವರೂ ಇದ್ದಾರೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ತೂಗಿದವರು ಕಡಮೆ. ಆ ಕೆಲಸವನ್ನು ನಾವು ಇಲ್ಲಿ ಮಾಡಬಯಸುತ್ತೇವೆ.

ಮೊದಲು ಗಡಿಯಾರದ ಮಾತು. ಸೂರ್ಯಬಿಂಬ ದಿಗಂತವನ್ನು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ನಮ್ಮ ಸೀಮೆಯಲ್ಲಿ ಎರಡು ಮೂರು ನಿಮಿಷ ಸಾಕು. ಆಮೇಲಿನ ಸಂಜೆಗೆಂಪು ಹೆಚ್ಚೆಂದರೆ ಅರ್ಧ ಗಂಟೆ. ಪುಣೆಯಲ್ಲಿ ಡಿಸೆಂಬರಿನ ಆರಂಭಕ್ಕೆ ಸೂರ್ಯ ಆರರ ಸುಮಾರಿಗೇ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಏಳೂಕಾಲರ ಹತ್ತಿರ. ಆರು ಗಂಟೆಗೆ ಊಟಕ್ಕೆ ಹಸಿಯುವ ಕನ್ನಡಿಗರು ಎಷ್ಟು ಮಂದಿ? ಆದ್ದರಿಂದ ಆಗುವುದೇನೆಂದರೆ, ನೋಟದ ಹೊತ್ತಿಗೆ ಬರಿಯ ನೀರಿನ ಲೋಟ, ಊಟದ ಹೊತ್ತಿಗೆ ಬರಿಯ ಕತ್ತಲೆ. ಇನ್ನು ಆಷಾಢ ಶ್ರಾವಣಗಳಲ್ಲಿ ಹುಟ್ಟಿದವರ ಪಾಡು ಕೇಳುವುದೇ ಬೇಡ. ಅವರ ಸೂರ್ಯಾಸ್ತ ಮೋಡದ ಹಿಂದೆ ಗುಟ್ಟಾಗಿ ನಡೆದುಹೋಗುತ್ತದೆ, ಬಿಲ್ಲು ಮಾತ್ರ ಬಹಿರಂಗವಾಗಿ ಬರುತ್ತದೆ.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ ಇದೆ. ಹುಟ್ಟುಹಬ್ಬ ಯಾರದು? ಊರಿನಿಂದ ಮಗನ ಮನೆಗೆ ಬಂದು ನೆಲೆಸಿದ, ಎಪ್ಪತ್ತು ತುಂಬುತ್ತಿರುವ ತಾಯಿಯದು ಎಂದಿಟ್ಟುಕೊಳ್ಳೋಣ. ಹನ್ನೆರಡನೆಯ ಮಹಡಿಯ ಗಾಳಿಗೆ ಸೆರಗನ್ನು ಕಿವಿಗೆ ಸುತ್ತಿಕೊಂಡು, ಸಂಗೀತದ ಅಬ್ಬರದಲ್ಲಿ ಪಕ್ಕದವರ ಮಾತು ಕೇಳಿಸದೆ, ಹೆಸರು ತಿಳಿಯದ ತಿನಿಸಿನ ಮುಂದೆ ಕುಳಿತ ಆಕೆಗೆ ಅದು ಯಾವ ಸಂಭ್ರಮ? ಮೊಮ್ಮಕ್ಕಳು ಫೋಟೋ ತೆಗೆಯುತ್ತಾರೆ, ಆಕೆ ನಗುತ್ತಾಳೆ. ಆ ನಗೆಯನ್ನು ಹೋಟೆಲಿನ ಗುಣಕ್ಕೆ ಸಾಕ್ಷಿಯೆಂದು ನಾವು ಸ್ವೀಕರಿಸಲಾರೆವು.

ಇಂಥ ತಾಯಿಗೆ 'ಎಲ್ಲಿಗೆ ಹೋಗೋಣಮ್ಮ?' ಎಂದು ಕೇಳಿ ನೋಡಿ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಬರುವ ಉತ್ತರ 'ಜೇಜುರಿಗೆ ಹೋಗೋಣಪ್ಪಾ' ಎಂದೇ. ಮೈಲಾರಲಿಂಗ ಕುಲದೇವರಾದವರಿಗೆ ಖಂಡೋಬಾ ಪರಸ್ಥಳದ ದೇವರಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನಿದ್ದರೆ ಇಲ್ಲಿ ವಾಘ್ಯಾ ಇದ್ದಾನೆ. ಅಲ್ಲಿನ 'ಏಳು ಕೋಟಿ'ಯೇ ಇಲ್ಲಿನ 'ಯೇಳಕೋಟ' ಎಂದು ಬಲ್ಲವರು ಹೇಳುತ್ತಾರೆ. ಮರಾಠಿ ಭಕ್ತರ ಕಂಠದಲ್ಲಿ ಕನ್ನಡದ ಎಣಿಕೆಯೊಂದು ಭಂಡಾರದ ಅರಿಸಿನದ ಜೊತೆ ಗಾಳಿಗೆ ಹಾರುತ್ತಿರುತ್ತದೆ.

ಪುಣೆಯಿಂದ ದಿವೆ ಘಾಟು ಹತ್ತಿ, ಸಾಸವಡ ದಾಟಿದರೆ ಸುಮಾರು 50 ಕಿಲೋಮೀಟರಿಗೆ ಜೇಜುರಿ. ನೋಟದ ವಿಷಯದಲ್ಲಿ ಈ ಊರು ಯಾವ ತಾರಸಿಗೂ ಸೋಲುವುದಿಲ್ಲ. ದೀಪಮಾಲೆಗಳ ನಡುವೆ ನೂರಾರು ಮೆಟ್ಟಿಲು ಹತ್ತಿ ಗಡದ ಮೇಲೆ ನಿಂತರೆ ಕೆಳಗೆ ಊರಿನ ಮಾಡುಗಳು. ಪಶ್ಚಿಮಕ್ಕೆ, ಸುಮಾರು 20 ಕಿಲೋಮೀಟರು ಆಚೆ, 1665ರ ಒಪ್ಪಂದದಿಂದ ಹೆಸರಾದ ಪುರಂದರ ಕೋಟೆಯ ದಿಕ್ಕು. ಸೂರ್ಯ ಇಳಿಯುವುದು ಆ ಕಡೆಗೇ. ಇದಕ್ಕೆ ಮೇಜು ಕಾದಿರಿಸಬೇಕಾಗಿಲ್ಲ. ಅರುಣ್ ಕೊಲಟ್ಕರರು 'ಜೇಜುರಿ' ಎಂಬ ಹೆಸರಿನಲ್ಲೇ ಇಂಗ್ಲಿಷಿನಲ್ಲಿ ಬರೆದ ಕಾವ್ಯ 1976ರಲ್ಲಿ ಪ್ರಕಟವಾಗಿ, ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಪಡೆಯಿತು. ಅದು ಮುಗಿಯುವುದೂ ಮುಳುಗುವ ಸೂರ್ಯನಲ್ಲಿಯೇ, ಆದರೆ ಗಡದ ಮೇಲಲ್ಲ, ಕೆಳಗಿನ ರೈಲು ನಿಲ್ದಾಣದಲ್ಲಿ. ಈ ಸಂಗತಿ ನಮಗೆ ಮುಂದೆ ಬೇಕಾಗುತ್ತದೆ.

ಊಟದ ವಿಷಯ. ಬೆಟ್ಟದ ಬುಡದ ಖಾನಾವಳಿಯಲ್ಲಿ (ಈ ಶಬ್ದವೂ ನಮ್ಮಿಬ್ಬರದೇ) ಸಜ್ಜೆಯ ಭಾಕರಿ, ಝುಣಕ, ಮೆಣಸಿನಕಾಯಿಯ ಠೇಚಾ, ಬದನೆಕಾಯಿಯ ಭರೀತ ಸಿಕ್ಕರೆ ಬಿಡಬಾರದು. ಭರೀತಕ್ಕೆ ಇಲ್ಲಿ ವಿಶೇಷ ಮರ್ಯಾದೆ. ಚಾತುರ್ಮಾಸದಲ್ಲಿ ಬದನೆ, ಈರುಳ್ಳಿ ಬಿಟ್ಟವರು ಮಾರ್ಗಶಿರದ ಚಂಪಾಷಷ್ಠಿಯಂದು ಭರೀತ-ರೊಟ್ಟಿಯನ್ನು ಖಂಡೋಬಾನಿಗೆ ನೈವೇದ್ಯ ಮಾಡಿ ತಾವೂ ಉಣ್ಣುತ್ತಾರೆ. ಸುಟ್ಟ ಬದನೆಯ ಆ ಹೊಗೆವಾಸನೆ ನಮ್ಮ ತಾಯಂದಿರಿಗೆ ಒಲೆಯ ಮುಂದಿನ ಬಾಲ್ಯವನ್ನೇ ಮರಳಿಸಬಲ್ಲುದು. ಕೇಕು ಬೇಕೆಂದು ಮಕ್ಕಳು ಹಟ ಹಿಡಿದರೆ ಕತ್ತರಿಸಲಿ, ನಮ್ಮ ತಕರಾರಿಲ್ಲ. ಆದರೆ ದಾರಿಯಲ್ಲಿ ಪುರಂದರದ ಅಂಜೂರವೋ ಸೀತಾಫಲವೋ ಕಂಡರೆ ಒಂದು ಬುಟ್ಟಿ ಕೊಳ್ಳುವುದು ಲೇಸು. 2016ರಲ್ಲಿ ಭೌಗೋಳಿಕ ಗುರುತು ಪಡೆದ ಅಂಜೂರ ಅದು.

ಖಾನಾವಳಿಗಳೆಲ್ಲ ನಿರ್ಮಲವೆಂದೋ, ಬೆಂಚುಗಳು ಮೆತ್ತಗಿವೆಯೆಂದೋ ನಾವು ಹೇಳುತ್ತಿಲ್ಲ. ಕೈತೊಳೆಯುವ ಜಾಗ, ಶೌಚದ ವ್ಯವಸ್ಥೆ ಮೊದಲೇ ನೋಡಿಕೊಳ್ಳಬೇಕು. ವಯಸ್ಸಾದವರ ಜೊತೆ ಹೋಗುವಾಗ ಇದು ಸೂರ್ಯಾಸ್ತಕ್ಕಿಂತ ಮುಖ್ಯ. ಭಾನುವಾರ, ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿಯ ದಿನಗಳಲ್ಲಿ ಜಾತ್ರೆಯ ಜನ; ಅಂದು ಊಟದ ಮಾತು ಬಿಟ್ಟು ದರ್ಶನವಾದರೆ ಸಾಕೆನ್ನಬೇಕು.

ಮಂಡಿನೋವಿನವರು ಆ ಮೆಟ್ಟಿಲು ಹತ್ತುವುದು ಹೇಗೆ? ಹತ್ತಿದರೂ ಕತ್ತಲಾಗುವ ಹೊತ್ತಿಗೆ, ಅರಿಸಿನ ಬಿದ್ದು ಜಾರುವ ಕಲ್ಲಿನ ಮೇಲೆ ಇಳಿಯುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಮೇಲಿಂದ ಕೆಳಗೆ ನೋಡಿದರೆ ಮಾತ್ರ ನೋಟ ಎಂಬ ಭ್ರಮೆಯನ್ನು ನಮಗೆ ಕಲಿಸಿದ್ದು ತಾರಸಿಯ ಹೋಟೆಲುಗಳು. ಕೊಲಟ್ಕರರ ಸೂರ್ಯ ಮುಳುಗಿದ್ದು ನೆಲದ ಮೇಲೆ ನಿಂತವನ ಕಣ್ಣಿಗೆ. ಸಂಜೆಯ ಬಿಸಿಲು ಬಿದ್ದ ಗಡವನ್ನು ಕೆಳಗಿನಿಂದ ನೋಡುವುದು ಯಾವ ಮಹಡಿಯ ನೋಟಕ್ಕೂ ಕಡಮೆಯದಲ್ಲ. ಆದ್ದರಿಂದ ಜೇಜುರಿಯಲ್ಲಿ ಹೋಟೆಲು ಆರಿಸುವವರು 'ಎಷ್ಟನೆಯ ಮಹಡಿ?' ಎಂದು ಕೇಳದೆ 'ಬಾಗಿಲಿನಿಂದ ಗಡ ಕಾಣುತ್ತದೆಯೆ?' ಎಂದು ಕೇಳಲಿ. ನೆಲದ ಮೇಲೆಯೇ, ಬೆನ್ನಿಗೆ ಆನಿಸಿಕೊಳ್ಳಲು ಗೋಡೆಯಿರುವ ಕಡೆ ತಾಯಿಯನ್ನು ಗಡದತ್ತ ಮುಖ ಮಾಡಿ ಕೂರಿಸಲಿ. ಕಾಲಿನಲ್ಲಿ ಶಕ್ತಿಯಿರುವ ಮಕ್ಕಳು ನಾಲ್ಕೂವರೆಗೇ ಹತ್ತಿ, ದರ್ಶನ ಮುಗಿಸಿ, ಭಂಡಾರ ತಂದು ಅಜ್ಜಿಯ ಹಣೆಗೆ ಹಚ್ಚಲಿ. ಏಳಕ್ಕೆ ಊಟ ಮುಗಿದರೆ ಘಾಟಿನ ಲಾರಿಗಳ ನಡುವೆಯೂ ಒಂಬತ್ತರ ಸುಮಾರಿಗೆ ಮನೆ ಸೇರಬಹುದು. ಪಾಯಸವನ್ನು ಮನೆಯಲ್ಲೇ ಮಾಡಿಟ್ಟು ಹೊರಟಿರಬೇಕು. ಅದು ಖಾನಾವಳಿಯಲ್ಲಿ ಸಿಗುವ ಭರವಸೆಯಿಲ್ಲ.