ಬಂದಾನ, ಬಂದಾನು

ವಿಭಕ್ತಿ ಪಲ್ಲಟದ ಬಾಕಿಯನ್ನು ಈ ವಾರ ತೀರಿಸುವುದಾಗಿ ಮಾತು ಕೊಟ್ಟದ್ದಾಗಿತ್ತು. ಅದು ಇನ್ನೊಂದು ವಾರ ಕಾಯಲಿ. ದಾರಿ ತಪ್ಪಿಸಿದ್ದು ಈ ‘ಕಾಯಲಿ’ಯೇ. ಇದು ಅಪ್ಪಣೆಯೋ, ವಿನಂತಿಯೋ, ಉಡಾಫೆಯೋ? ಪ್ರೌಢಶಾಲೆಯ ವ್ಯಾಕರಣ ವಿಧ್ಯರ್ಥಕ್ಕೆ ಕೊಡುವ ಲಕ್ಷಣದಲ್ಲಿ ಆಜ್ಞೆ, ಆಶೀರ್ವಾದ, ಹಾರೈಕೆ ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಲಕ್ಷಣ ಬರೆದವರು ಶಾಪವನ್ನು ಮರ್ಯಾದೆಗಂಜಿ ಬಿಟ್ಟಿರಬೇಕು. ‘ಚೆನ್ನಾಗಿರಲಿ’ಗೆ ಹತ್ತುವ ಪ್ರತ್ಯಯವೇ ‘ಹಾಳಾಗಿ ಹೋಗಲಿ’ಗೂ ಹತ್ತುತ್ತದೆ. ‘ಬರಲಿ’ ಎಂದರೆ ಸ್ವಾಗತ. ‘ಬರ್ಲಿ ಅಂವ, ನೋಡ್ಕೋತೀನಿ’ ಎಂದರೆ ಸವಾಲು. ‘ಹೋಗ್ಲಿ ಬಿಡು’ ಎಂದರೆ ಸೋಲೊಪ್ಪಿದ ಸಮಾಧಾನ. ತರಗತಿಯಲ್ಲಿ ಇಷ್ಟೆಲ್ಲ ಒಂದಂಕದ ಪ್ರಶ್ನೆಯಾಗಿ ಮುಗಿಯುತ್ತದೆ. ‘ಹೋಗಲಿ’ ಯಾವ ರೂಪ? ವಿಧ್ಯರ್ಥಕ. ಸರಿ, ಮುಂದಿನದು. ಗಂಟೆ ಬಾರಿಸಿದ ಮೇಲೆ ಜೀವನ ಕೌಶಲದ ಅವಧಿ. ಅದೇ ಮಕ್ಕಳ ಮುಂದೆ ನಗುವ, ಅಳುವ, ಹುಬ್ಬುಗಂಟಿಕ್ಕಿದ ಹಳದಿ ಮುಖಗಳ ಪಟ ತೂಗುಹಾಕಿ ‘ಇವತ್ತು ನಿಮ್ಮ ಭಾವನೆ ಯಾವುದು’ ಎಂದು ಕೇಳಲಾಗುತ್ತದೆ. ಈ ಎರಡು ಅವಧಿಗಳ ನಡುವಿನ ಗೋಡೆಯ ಮೇಲೆ ಈ ಅಂಕಣಕ್ಕೆ ಹಳೆಯ ಸಿಟ್ಟಿದೆ ಎಂಬುದು ಖಾಯಂ ಓದುಗರಿಗೆ ಗೊತ್ತಿದ್ದದ್ದೇ.

ಆ ಗೋಡೆಯನ್ನು ಕೆಡವುವ ಪ್ರಯತ್ನ ಸ್ಪ್ಯಾನಿಷ್ ಕಲಿಸುವವರಲ್ಲಿ ನಡೆದಿದೆ. ಆ ಭಾಷೆಯ ಕ್ರಿಯಾಪದಕ್ಕೆ, ಇದ್ದದ್ದನ್ನು ಇದ್ದಂತೆ ಸಾರುವ ರೂಪ ಒಂದು, ಹಾಗೆ ಸಾರದೆ ಮನಸ್ಸಿನೊಳಗೇ ಇಟ್ಟುಕೊಂಡು ಹೇಳುವ ರೂಪ ಇನ್ನೊಂದು. ಎರಡನೆಯದಕ್ಕೆ ಅವರು ಸುಬ್‌ಖುಂತಿವೊ ಎನ್ನುತ್ತಾರೆ. ‘ಅವನು ಬರುತ್ತಾನೆಂದು ನಂಬಿದ್ದೇನೆ’ ಎಂಬಲ್ಲಿ ಮೊದಲ ರೂಪ, ‘ಬರುತ್ತಾನೆಂಬ ನಂಬಿಕೆಯಿಲ್ಲ’ ಎಂಬಲ್ಲಿ ಎರಡನೆಯದು. ಆಸೆ, ಅಂಜಿಕೆ, ಸಂಶಯ, ಸಂತೋಷದ ಮಾತುಗಳ ಬೆನ್ನಿಗೂ ಎರಡನೆಯದೇ. ಬಂದಾಗಿದೆ, ಎದುರಿಗೇ ಕೂತಿದ್ದಾನೆ, ಆದರೂ ‘ನೀನು ಬಂದದ್ದು ಖುಷಿಯಾಯಿತು’ ಎನ್ನುವಾಗ ಸ್ಪ್ಯಾನಿಷಿನವನು ಸುಬ್‌ಖುಂತಿವೊವನ್ನೇ ಬಳಸುತ್ತಾನೆ. ಅಲ್ಲಿ ಸುದ್ದಿ ಇರುವುದು ಬಂದದ್ದರಲ್ಲಲ್ಲ, ಖುಷಿಯಲ್ಲಿ. ಹೀಗಾಗಿ ಈ ರೂಪವನ್ನು ಕೋಷ್ಟಕ ಉರು ಹೊಡೆಸಿ ಕಲಿಸಿದರೆ ಮಕ್ಕಳಿಗೆ ನಿಲ್ಲುವುದಿಲ್ಲ. ಅವರವರ ಆಸೆ ಅಂಜಿಕೆಗಳನ್ನೇ ವಾಕ್ಯ ಮಾಡಿಸಿ, ಈ ವಾಕ್ಯಕ್ಕೆ ಈ ರೂಪ ಏಕೆ ಬಂತೆಂದು ಕೇಳಿದರೆ ವ್ಯಾಕರಣವೂ ಬರುತ್ತದೆ, ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳುವ ರೂಢಿಯೂ ಬರುತ್ತದೆ ಎಂಬುದು ಆ ಶಿಕ್ಷಕರ ವಾದ. ನೆಬ್ರಿಹಾ 1492ರಲ್ಲಿ ಸ್ಪ್ಯಾನಿಷಿಗೆ ವ್ಯಾಕರಣ ಬರೆದಾಗಲೂ ಈ ರೂಪಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದ. ನಮ್ಮ ವೈಯಾಕರಣ ಕೇಶಿರಾಜ ಅವನಿಗಿಂತ ಎರಡು ಶತಮಾನ ಹಿಂದಿನವನು. ಸೂತ್ರಗಳಿಗೆ ಉದಾಹರಣೆಯನ್ನು ಅವನು ಕವಿಗಳಿಂದ ಆರಿಸಿ ತಂದ. ಇಂದಿನ ಪುಸ್ತಕಗಳು ಊಹೆಯ ರೂಪವಾದ ಸಂಭಾವನಾರ್ಥಕಕ್ಕೆ ‘ರಾಮನು ಹೋದಾನು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಯಾವ ರಾಮ, ಎಲ್ಲಿಗೆ ಹೋದಾನು, ಹೋದರೆ ಯಾರಿಗೆ ಸಂಕಟ?

ಬಾಗಲಕೋಟೆ, ಹುನಗುಂದದ ಕಡೆಯ ಮಗುವಿಗೆ ಈ ‘ಹೋದಾನು’ ಮೈಸೂರಿನ ಮಗುವಿಗೆ ಕೇಳಿಸಿದಂತೆ ಕೇಳಿಸುವುದಿಲ್ಲ. ಮೈಸೂರಿನಲ್ಲಿ ‘ಬಂದಿದ್ದಾನೆ’ ಬೇರೆ, ‘ಬಂದಾನು’ ಬೇರೆ. ಕಿವಿ ತಪ್ಪುವ ಸಂಭವವೇ ಇಲ್ಲ. ಬಾಗಲಕೋಟೆಯ ಕಡೆ ‘ಬಂದಾನ’ ಎಂದರೆ ಬಂದಿದ್ದಾನೆ, ಜಗುಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದಾನೆ. ‘ಬಂದಾನು’ ಎಂದರೆ ಬಂದರೆ ಬರಬಹುದು, ದಾರಿ ನೋಡಬೇಕು. ಆಗಿಹೋದದ್ದಕ್ಕೂ ಆಗಲೆಂದು ಕಾಯುವುದಕ್ಕೂ ನಡುವೆ ಇರುವುದು ಕೊನೆಯ ಒಂದು ಉಕಾರ. ‘ಬಂದೀನಿ’ ಮತ್ತು ‘ಬಂದೇನು’, ‘ಬಂದೈತಿ’ ಮತ್ತು ‘ಬಂದೀತು’ ಇವುಗಳದೂ ಇಂಥದೇ ನೆರೆಹೊರೆ. ಇಷ್ಟು ಸೂಕ್ಷ್ಮವಾದ ಜೋಡಿ ಬಾಯಲ್ಲೇ ಇರುವಾಗ ಶಾಲೆ ಮಾಡುವುದೇನು? ‘ಬಂದಾನ’ವನ್ನು ಆಡುಮಾತಿನ ತಪ್ಪೆಂದು ಕೆಂಪು ಶಾಯಿಯಿಂದ ಹೊಡೆದು ‘ಬಂದಿದ್ದಾನೆ’ ಎಂದು ತಿದ್ದುತ್ತದೆ. ಗ್ರಾಂಥಿಕ ರೂಪ ಕಲಿಸಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ತಿದ್ದುವ ಮೊದಲು ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದಿದ್ದರೆ ಸಂಭಾವನಾರ್ಥಕದ ಪಾಠ ಅರ್ಧ ಮುಗಿದಿರುತ್ತಿತ್ತು. ತಿದ್ದುಪಡಿಯ ಭರದಲ್ಲಿ ಜೋಡಿಯ ಒಂದು ಕಾಲು ಮುರಿಯಿತು. ಉಳಿದ ‘ಬಂದಾನು’ ಪುಸ್ತಕದಲ್ಲಿ ಅನಾಥವಾಗಿ ಕೂತಿತು.

ಅದರ ಬಳಗ ಎಷ್ಟು ದೊಡ್ಡದೆಂದು ನೋಡಬೇಕಾದರೆ ಮನೆಯ ಮಾತಿಗೆ ಹೋಗಬೇಕು. ಮಾಳಿಗೆ ಏರುವ ಮಗುವಿಗೆ ‘ಬಿದ್ದೀ, ಜ್ವಾಕಿ’ ಎನ್ನುತ್ತಾರೆ. ಬೀಳುವ ಸಾಧ್ಯತೆಯನ್ನು ಲೆಕ್ಕ ಹಾಕಿದ ಮಾತಲ್ಲ ಅದು, ಅಂಜಿಕೆಯೂ ಮಮತೆಯೂ ಒಟ್ಟಿಗೇ ಬಾಯಿಗೆ ಬಂದದ್ದು. ‘ಅಂವ ಏನ ಕೊಟ್ಟಾನು?’ ಎಂದರೆ ತಿರಸ್ಕಾರ. ‘ನಾ ಯಾಕ ಬ್ಯಾಡಂದೇನು?’ ಎಂದರೆ ಔದಾರ್ಯ, ಕೆಲವೊಮ್ಮೆ ಔದಾರ್ಯದ ನಟನೆ. ‘ಇದ್ದೀತು ಬಿಡ್ರಿ’ ಎಂದರೆ ನಂಬಿಕೆಯಿಲ್ಲ, ಜಗಳವೂ ಬೇಡ. ‘ಮಳಿ ಗಿಳಿ ಬಂದೀತು’ ಎಂದು ಗಿಕಾರ ಸೇರಿದರೆ ಅಂಜಿಕೆಗೆ ತುಸು ಅಲಕ್ಷ್ಯದ ವೇಷ ತೊಡಿಸಿದಂತೆ. ಪುಸ್ತಕದ ಲಕ್ಷಣ ಈ ರೂಪಕ್ಕೆ ‘ಸಂಶಯ ಅಥವಾ ಊಹೆ’ ಎಂದಷ್ಟೇ ಹೇಳುತ್ತದೆ. ಸಂಶಯ ಇರುವುದು ನಿಜ. ಆದರೆ ಸಂಶಯಪಡುವ ಮನುಷ್ಯ ಸುಮ್ಮನೆ ಸಂಶಯಪಡುವುದಿಲ್ಲ. ಆಗಲಿ ಎಂದೋ, ಆಗದಿರಲಿ ಎಂದೋ, ಆದರೆ ನನಗೇನು ಎಂದೋ ಪಡುತ್ತಾನೆ. ಆ ಮೂರರಲ್ಲಿ ಯಾವುದೆಂದು ಗುರುತಿಸುವುದೇ ಭಾವನೆಯ ಪಾಠ. ಅದಕ್ಕೆ ಬೇರೆ ಪಟ ಬೇಕಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಪಾಠಕ್ಕೆ ವಿಶೇಷ ತೂಕವಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಂಗಳಕ್ಕೂ, ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೂ ನೀರು ನುಗ್ಗಿತು. ಹೊಳೆಯ ದಂಡೆಯವರು ಪ್ರವಾಹಕ್ಕೆ ‘ಹೊಳಿ ಬಂತು’ ಎನ್ನುತ್ತಾರೆ. ‘ಹೊಳಿ ಬಂದೈತಿ’ ಎಂದು ಕೇಳಿದವನು ಮಕ್ಕಳನ್ನೂ ದನಗಳನ್ನೂ ಕರೆದುಕೊಂಡು ಎದ್ದು ನಡೆಯಬೇಕು. ‘ಹೊಳಿ ಬಂದೀತು’ ಎಂದು ಕೇಳಿದವನು ನಿದ್ದೆಗೆಟ್ಟು ಕೂರಬೇಕು. ಅಂಥ ಊರಿನ ಮಗುವಿಗೆ ಪ್ರತಿ ಮಳೆಗಾಲದ ಮೋಡವೂ ‘ಬಂದೀತು’ವನ್ನು ‘ಬಂದೈತಿ’ ಮಾಡಿ ಕೇಳಿಸಬಹುದು. ಹೆದರಬೇಡ ಎಂದು ಹೇಳಿದರೆ ಹೆದರಿಕೆ ಹೋಗುವುದಿಲ್ಲ. ಈ ಎರಡು ಕ್ರಿಯಾರೂಪಗಳಲ್ಲಿ ಈಗ ನಿಜವಾದದ್ದು ಯಾವುದು ಎಂದು ಕೇಳಿದರೆ ಹೆದರಿಕೆಗೆ ಒಂದು ಎಲ್ಲೆ ಸಿಗುತ್ತದೆ. ಕೃಷ್ಣೆಯ ಕಡೆ ಈ ಕಾಯುವಿಕೆ ಇನ್ನೂ ದೀರ್ಘ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಿತು, ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸಬಹುದೆಂದು ನದಿನೀರಿನ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಅಂದಿನಿಂದ ‘ಎತ್ತರಿಸಿಯಾರು’, ‘ಪರಿಹಾರ ಬಂದೀತು’, ‘ಎಬ್ಬಿಸಿಯಾರು’ ಎಂಬ ಮಾತುಗಳಲ್ಲೇ ಬೆಳೆದ ಮಕ್ಕಳು ಈಗ ಪ್ರೌಢಶಾಲೆಯಲ್ಲಿದ್ದಾರೆ. ಅವರಿಗೆ ಸಂಭಾವನಾರ್ಥಕವನ್ನು ‘ರಾಮನು ಹೋದಾನು’ ಎಂದು ಕಲಿಸುವುದು ಹೊಳೆಯ ದಂಡೆಯಲ್ಲಿ ಕೂತು ನೀರಿನ ಚಿತ್ರ ತೋರಿಸಿದಂತೆ.

ಭಾವನೆಯ ಪಾಠ ಎಂದ ಮೇಲೆ ಇಲ್ಲಿ ಬಸವಣ್ಣನನ್ನು ನೆನೆಯದೆ ಮುಂದೆ ಹೋಗಲಾಗದು. ಕೂಡಲಸಂಗಮ ಈ ನೆಲದ್ದೇ. ಈ ಭಾಗದ ಪ್ರತಿ ಮಗುವಿಗೂ ಬಾಯಿಪಾಠ ಬರುವ ವಚನದಲ್ಲಿ ಏಳು ‘ಬೇಡ’ಗಳಿವೆ. ಮೊದಲ ಮೂರು ಕಳವು, ಕೊಲೆ, ಸುಳ್ಳಿನ ಮೇಲೆ. ನಾಲ್ಕನೆಯದು ಕೋಪದ ಮೇಲೆ, ಐದನೆಯದು ಇನ್ನೊಬ್ಬರ ಬಗೆಗಿನ ಅಸಹ್ಯದ ಮೇಲೆ. ನಂತರ ಆತ್ಮಪ್ರಶಂಸೆ, ಪರನಿಂದೆ. ನೀತಿಪಾಠದ ಮಾಸ್ತರರು ಇದನ್ನು ಶಾಲೆಯ ನಿಯಮಾವಳಿಯಂತೆ ಗೋಡೆಗೆ ಬರೆಸುತ್ತಾರೆ. ಸಿಟ್ಟೂ ಕಳವೂ ಒಂದೇ ತೂಕದ ಅಪರಾಧಗಳಾಗಿ ಕಾಣತೊಡಗುತ್ತವೆ. ಆದರೆ ವಚನ ಕಟ್ಟಿರುವ ಕ್ರಮವನ್ನು ಗಮನಿಸಬೇಕು. ಕೈ ಮಾಡುವ ಕೆಲಸದಿಂದ ಹೊರಟು ನಾಲಿಗೆಗೆ ಬಂದು, ಮನಸ್ಸಿನೊಳಗೆ ಇಳಿದು, ಮತ್ತೆ ನಾಲಿಗೆಗೇ ಹಿಂದಿರುಗುತ್ತದೆ. ತನ್ನನ್ನು ಹೊಗಳಿಕೊಳ್ಳುವ, ಎದುರಿನವರನ್ನು ಹಳಿಯುವ ಮಾತು ಬರುವುದು ಕೋಪ, ಅಸಹ್ಯ ಒಳಗೆ ಕೂತ ಮೇಲೆ. ಭಾವನೆಗಳನ್ನು ಅದು ಪಟ್ಟಿ ಮಾಡುವುದಿಲ್ಲ, ಅವುಗಳ ಓಡಾಟದ ದಾರಿ ತೋರಿಸುತ್ತದೆ. ಒಳಗೂ ಹೊರಗೂ ಶುದ್ಧಿ ಎಂಬಲ್ಲಿ ಅದು ಮುಗಿಯುವುದು ಆ ದಾರಿಯ ಲೆಕ್ಕದಿಂದಲೇ. ಇನ್ನೊಂದು ಮಾತು. ‘ಬೇಡ’ ಎಂಬುದು ‘ಬೇಕು’ವಿನ ಜೋಡಿ, ಇಚ್ಛೆಯ ಮನೆಯದು. ಅದನ್ನು ತನಗೆ ತಾನೇ ಹೇಳಿಕೊಳ್ಳಬಹುದು. ಶಾಲೆಯ ಗೋಡೆ ಹೇಳಿದಾಗ ಮಾತ್ರ ಅದು ಬರಿಯ ನಿಷೇಧವಾಗುತ್ತದೆ.

ಹಳದಿ ಮುಖಗಳ ಪಂಗಡಕ್ಕೆ ಈಗ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಹೆಸರಿಸಿದ ಹತ್ತು ಜೀವನ ಕೌಶಲಗಳಲ್ಲಿ ತನ್ನನ್ನು ತಾನು ಅರಿಯುವುದೂ ಭಾವನೆಗಳನ್ನು ನಿಭಾಯಿಸುವುದೂ ಇವೆ. ನಮ್ಮ ನಿಮ್ಹಾನ್ಸ್ ಹದಿಹರೆಯದವರಿಗಾಗಿ ಪಾಠಸಾಮಗ್ರಿ ಸಿದ್ಧಪಡಿಸಿತು. ಅದರ ಉದ್ದೇಶದ ಮೇಲೆ ಯಾರಿಗೂ ಆಕ್ಷೇಪ ಇರಲಾರದು. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಡ ಮುಖದ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನ ಅಮಿಗ್ಡಲದ ಉದ್ರೇಕ ತಗ್ಗಿತು. ಆ ಪಂಗಡದವರು ಇದನ್ನು ತಮ್ಮ ಪಟಕ್ಕೆ ಸಾಕ್ಷಿಯಾಗಿ ತರಬಹುದು, ತರಲಿ. ಆದರೆ ಹೆಸರುಗಳು ಬೇಗ ಸವೆಯುತ್ತವೆ. ಪ್ರತಿ ಬೆಳಿಗ್ಗೆ ‘ಯಾವ ಭಾವನೆ’ ಎಂದು ಕೇಳಿಸಿಕೊಂಡ ಮಗು ಬೇಗನೆ ಶಿಕ್ಷಕರಿಗೆ ಹಿತವಾದ ಉತ್ತರವನ್ನು ಕಲಿಯುತ್ತದೆ: ಖುಷಿ, ಸರ್. ನೇರ ಪ್ರಶ್ನೆಗೆ ಮುಚ್ಚಿಕೊಳ್ಳುವ ಬಾಯಿ, ‘ಈ ವಾಕ್ಯದವಳು ಅಂಜಿ ಹೇಳಿದಳೋ ಆಸೆಯಿಂದ ಹೇಳಿದಳೋ’ ಎಂದರೆ ತೆರೆದುಕೊಳ್ಳುತ್ತದೆ. ಅಲ್ಲಿ ಮಾತು ತನ್ನದಲ್ಲ, ವಾಕ್ಯದ್ದು. ವ್ಯಾಕರಣ ಕೊಡುವ ಆ ಮರೆ ಪಟದಲ್ಲಿಲ್ಲ.

ವಿರೋಧದ ಮಾತುಗಳಲ್ಲಿ ಗಟ್ಟಿಯಾದದ್ದು ಭಾಷಾಶಾಸ್ತ್ರದವರದು: ರೂಪ ಇದ್ದ ಮಾತ್ರಕ್ಕೆ ಭಾವನೆ ಹುಟ್ಟುವುದಿಲ್ಲ; ಇಂಗ್ಲಿಷ್ ತನ್ನ ಹಳೆಯ ರೂಪಗಳನ್ನು ಬಹುಪಾಲು ಕಳೆದುಕೊಂಡಿತು, ಅದನ್ನಾಡುವವರ ಎದೆಯೇನೂ ಬತ್ತಲಿಲ್ಲ. ಒಪ್ಪಿದೆ. ಕ್ರಿಯಾಪದ ಭಾವನೆಯನ್ನು ತಯಾರಿಸುತ್ತದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸ್ಪ್ಯಾನಿಷಿನ ಪಟ್ಟಿಯನ್ನು ಕನ್ನಡಕ್ಕೆ ಇಳಿಸಬೇಕೆಂಬುದೂ ವಾದವಲ್ಲ. ಅವರು ಸುಬ್‌ಖುಂತಿವೊ ಬಳಸುವ ‘ಬಂದದ್ದು ಖುಷಿಯಾಯಿತು’ವಿನಲ್ಲಿ ನಾವು ‘ಬಂದಾನು’ ಎನ್ನಲಾರೆವು; ‘ಅಂವ ಬಂದದ್ದು ಛಲೋ ಆತು’ ಎಂದು ಕ್ರಿಯಾಪದದ ಪುರುಷ ಪ್ರತ್ಯಯವನ್ನೇ ಕಳಚಿ ಹೆಸರಿನಂತೆ ನಿಲ್ಲಿಸುತ್ತೇವೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರೆಯಬಾರದೆಂದು ಡಿ.ಎನ್. ಶಂಕರ ಭಟ್ಟರು ಹೇಳಿದ್ದು ಸ್ಪ್ಯಾನಿಷಿನ ಅಚ್ಚಿಗೂ ಸಲ್ಲುತ್ತದೆ. ಈಗ ಯಾರು ‘ಬಂದಾನು’ ಎನ್ನುತ್ತಾರೆ, ಎಲ್ಲರೂ ‘ಬರಬಹುದು’ ಎನ್ನುತ್ತಾರಲ್ಲ ಎಂಬುದು ಮತ್ತೊಂದು ಆಕ್ಷೇಪ. ‘ಬರಬಹುದು’ ಅನುಮತಿಯೂ ಹೌದು, ಊಹೆಯೂ ಹೌದು. ಅಂಜಿಕೆಯನ್ನು ಹೊರುವ ಕಸುವು ಮಾತ್ರ ಅದಕ್ಕಿಲ್ಲ. ಮಾಳಿಗೆ ಏರುವ ಮಗುವಿಗೆ ‘ಬೀಳಬಹುದು’ ಎಂದು ಕೂಗಿ ನೋಡಿ, ಹವಾಮಾನ ವರದಿ ಓದಿದಂತಾಗುತ್ತದೆ. ಇನ್ನು, ಕನ್ನಡ ಮೇಷ್ಟ್ರು ಆಪ್ತಸಮಾಲೋಚಕರಲ್ಲ ಎಂಬುದು ನಿಜ, ಆಗಬೇಕಾಗಿಯೂ ಇಲ್ಲ. ಮಗು ತನ್ನ ಮನೆಯ ಕಥೆ ಹೇಳಬೇಕೆಂಬ ಒತ್ತಾಯ ಇರಕೂಡದು. ಇಳಕಲ್ಲಿನ ಮಗ್ಗದ ಮನೆಯ ಹುಡುಗಿ ‘ಸೀರಿ ಹೋದೀತು’ ಎಂದು ಬರೆದರೆ ಅದು ಮಾರಾಟವಾದೀತೆಂಬ ಆಸೆಯೋ ಹಾಳಾದೀತೆಂಬ ಅಳುಕೋ ಎಂದು ತರಗತಿ ಚರ್ಚಿಸಿದರೆ ಸಾಕು.

ಉಳಿದದ್ದು ಅಂಕದ ತೊಡಕು. ಎರಡು ಉತ್ತರಗಳೂ ಸರಿಯಾಗಬಹುದಾದ ಪ್ರಶ್ನೆಯನ್ನು ಮೌಲ್ಯಮಾಪಕರು ತಿದ್ದುವುದು ಹೇಗೆಂದು ಕೇಳುತ್ತಾರೆ. ಪದ್ಯದ ಸ್ವಾರಸ್ಯ ಬರೆಯಿರಿ ಎಂಬ ಪ್ರಶ್ನೆಯನ್ನು ಅವರೇ ವರ್ಷವರ್ಷವೂ ತಿದ್ದುತ್ತಿದ್ದಾರೆ, ಅಲ್ಲಿಯೂ ಉತ್ತರ ಒಂದೇ ಅಲ್ಲ. ಒಂದಂಕದ ‘ಯಾವ ರೂಪ’ ಎಂಬುದನ್ನು ಎರಡಂಕಕ್ಕೆ ಏರಿಸಿ, ಒಂದನ್ನು ರೂಪ ಗುರುತಿಸಿದ್ದಕ್ಕೂ ಇನ್ನೊಂದನ್ನು ‘ಹೇಳಿದವರ ಮನಸ್ಸಿನಲ್ಲಿ ಏನಿತ್ತು, ಹೇಗೆ ತಿಳಿಯಿತು’ ಎಂಬ ಒಂದು ಸಾಲಿಗೂ ಕೊಟ್ಟರೆ ಆಯಿತು. ಕಾರಣ ಕೊಟ್ಟವರಿಗೆ ಅಂಕ, ಆಸೆ ಎಂದರೂ ಸರಿ, ಅಳುಕು ಎಂದರೂ ಸರಿ.