ರಾಜಿ ಪತ್ರದ ಕೊನೆಯ ಕಲಮು

ಜಗಳವಿಲ್ಲದ ವಿಚ್ಛೇದನಕ್ಕೆ ಈಗ ಒಳ್ಳೆಯ ಹೆಸರಿದೆ. ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೂ ಆ ಕೀರ್ತಿಯಲ್ಲಿ ಪಾಲಿದೆ. ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಒಬ್ಬರ ನಡತೆಯನ್ನು ಇನ್ನೊಬ್ಬರು ಕಟಕಟೆಯಲ್ಲಿ ಹರಾಜಿಗಿಟ್ಟು ಬೇರೆಯಾಗುವುದಕ್ಕಿಂತ ಕೂತು ಮಾತಾಡಿ ಬೇರೆಯಾಗುವುದು ಮೇಲು, ಒಪ್ಪಿದೆ. ನನ್ನ ತಕರಾರು ಆ ಮಾತುಕತೆಯ ಕೊನೆಗೆ ಸಹಿ ಬೀಳುವ ಕಾಗದದ ಬಗ್ಗೆ.

ಪರಸ್ಪರ ಸಮ್ಮತಿಯ ರಾಜಿ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕಲಮೊಂದಿದೆ: ಇಂತಿಷ್ಟು ಮೊತ್ತ ಪಡೆದ ಹೆಂಡತಿ ಹಿಂದಿನ, ಇಂದಿನ, ಮುಂದಿನ ಜೀವನಾಂಶದ ಹಕ್ಕನ್ನೆಲ್ಲ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾಳೆ, ಗಂಡನ ಸ್ಥಿರ, ಚರ ಆಸ್ತಿಯ ಮೇಲೆ ಅವಳ ಹಕ್ಕು ಏನೂ ಉಳಿದಿಲ್ಲ. ನಿಧಾನವಾಗಿ ಓದಿ. ಹಿಂದಿನದು ಬಾಕಿ, ಎಣಿಸಬಹುದು. ಇಂದಿನದನ್ನೂ ಎಣಿಸಬಹುದು. ಮುಂದಿನದನ್ನು ಎಣಿಸುವವರು ಯಾರು? ಕೆಲಸ ಹೋಗಬಹುದು, ಕಾಯಿಲೆ ಬೀಳಬಹುದು, ತವರಿನ ಬಾಗಿಲು ಮುಚ್ಚಬಹುದು. ಅದೆಲ್ಲಕ್ಕೂ ಇವತ್ತೇ ಬೆಲೆ ಕಟ್ಟಿ ಮುಗಿಸಿದ್ದಾರೆ. ಇನ್ನು ಆ ಸ್ಥಿರ, ಚರ ಆಸ್ತಿ ಯಾವುದು? ಪಟ್ಟಿ ಇರುವುದಿಲ್ಲ. ತನಗೆ ಗೊತ್ತೇ ಇಲ್ಲದ್ದನ್ನು ಆಕೆ ಸ್ವಇಚ್ಛೆಯಿಂದ ಬಿಟ್ಟಳು ಎಂದು ಬರೆಯುವುದು ಹೇಗೆ?

ಜೀವನಾಂಶದ ವ್ಯಾಜ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿತು. ಜಗಳಕ್ಕೆ ನಿಂತವಳಿಗೆ ಸಿಗುವ ಲೆಕ್ಕ ರಾಜಿಗೆ ಒಪ್ಪಿದವಳಿಗೂ ತಾನಾಗಿ ಸಿಗಬೇಕಿತ್ತು. ಗೋವಾದ ಕಾನೂನು ದಂಪತಿಯ ಆಸ್ತಿಯನ್ನು ಇಬ್ಬರದೆಂದು ನೋಡುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಸಮಪಾಲಿಲ್ಲ. ಹಾಗಾಗಿ ಆಕೆ ಚೌಕಾಸಿಗೆ ಕೂರುವಾಗಲೇ ಅರ್ಧ ಸೋತಿರುತ್ತಾಳೆ. ಸಮ್ಮತಿಯಿಂದ ವಿಚ್ಛೇದನ ಪಡೆದವಳೂ ಜೀವನಾಂಶ ಕೇಳಬಹುದೆಂದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವನಮಾಲಾ ಪ್ರಕರಣದಲ್ಲಿ 1995ರಷ್ಟು ಹಿಂದೆಯೇ ತೀರ್ಮಾನವಾಗಿದೆ. ಮಗುವಿನ ಹಕ್ಕನ್ನಂತೂ ತಾಯಿ ಬರೆದುಕೊಡಲು ಬರುವುದೇ ಇಲ್ಲ. ಆದರೂ ಕಲಮು ಸವೆದಿಲ್ಲ.

ಮಧ್ಯಸ್ಥಿಕೆಯ ಟೀಕಾಕಾರರಿಗೆ ಇದು ಕಾಣುವುದಿಲ್ಲ. ಅವರ ಶಕ್ತಿಯೆಲ್ಲ ಖರ್ಚಾಗುವುದು ಸಮ್ಮತಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮು ಹೇಳುವ ಆರು ತಿಂಗಳ ಕಾಯುವಿಕೆಯ ಮೇಲೆ. ಅದನ್ನು ಸಡಿಲಿಸಿದರೆ ಸಂಸಾರಗಳು ಹಗುರವಾಗಿ ಒಡೆಯುತ್ತವೆ ಎಂಬುದು ಅವರ ಅಳಲು. 2017ರ ಅಮರದೀಪ್ ಸಿಂಗ್ ತೀರ್ಪು ಆ ಅವಧಿ ಕಡ್ಡಾಯವಲ್ಲ ಎಂದಿತು, ನಿಜ. ಆದರೆ ಜೀವನಾಂಶ, ಮಕ್ಕಳ ಸುಪರ್ದಿ ಎಲ್ಲವೂ ಪ್ರಾಮಾಣಿಕವಾಗಿ ಇತ್ಯರ್ಥವಾಗಿರಬೇಕೆಂಬ ಷರತ್ತನ್ನೂ ಹಾಕಿತು. ಬೇಗ ಬಿಡುಗಡೆ ಬೇಕೆಂದರೆ ಬೇಗ ರಾಜಿಯಾಗಬೇಕು. ಹೆಚ್ಚು ಬಳಲಿದವರು ಕಡಿಮೆಗೆ ಒಪ್ಪುತ್ತಾರೆ. ಟೀಕಿಸಬೇಕಾದ್ದು ಈ ಒತ್ತಡವನ್ನು. ಅವರೋ, ಎಷ್ಟು ಜೋಡಿಗಳು ಮತ್ತೆ ಒಂದಾದವು ಎಂದು ಎಣಿಸುತ್ತಾರೆ. ಹೊಡೆತದ ಮನೆಗೆ ಹಿಂದಿರುಗಿದವಳೂ ಆ ಲೆಕ್ಕದಲ್ಲಿ ಯಶಸ್ಸೇ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರಾಜಿಗೆ ಕೊಟ್ಟ ಮಹತ್ವವನ್ನು ಇವರು ಹೆಣ್ಣಿನ ತಾಳ್ಮೆಯ ಪರೀಕ್ಷೆಯಾಗಿ ಓದಿಕೊಂಡಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಹೊಗಳುವವರೂ ಕಡಿಮೆ ಇಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಸ್ಟು ವೆಬ್ ಎಂಬ ವಕೀಲ 1990ರಲ್ಲಿ ಆರಂಭಿಸಿದ ಸಹಯೋಗದ ವಿಚ್ಛೇದನವನ್ನು ಅವರು ಮಾದರಿಯಾಗಿ ಮುಂದಿಡುತ್ತಾರೆ. ಅದು ನಿಂತಿರುವುದು ಎರಡು ಕಟ್ಟುಪಾಡುಗಳ ಮೇಲೆ: ಹಣಕಾಸಿನ ಯಾವ ಸಂಗತಿಯನ್ನೂ ಮುಚ್ಚಿಡಬಾರದು, ವಿಷಯ ಕೋರ್ಟಿನ ಕಾದಾಟಕ್ಕೆ ಹೋದರೆ ಎರಡೂ ಕಡೆಯ ವಕೀಲರು ಪ್ರಕರಣ ಬಿಡಬೇಕು. ರಾಜಿ ಮುರಿದರೆ ವಕೀಲರಿಗೂ ನಷ್ಟ. ನಮ್ಮಲ್ಲಿ ಅದರ ಸೌಹಾರ್ದದ ಮಾತಷ್ಟೇ ಬಂತು, ಕಟ್ಟುಪಾಡು ಬರಲಿಲ್ಲ.

2020ರ ಆ ಪ್ರಮಾಣಪತ್ರ ಮಧ್ಯಸ್ಥಿಕೆಯ ಮೊದಲ ದಿನವೇ ಮೇಜಿಗೆ ಬರಲಿ, ಮೊತ್ತದ ಮಾತು ಆಮೇಲೆ. ಹಾಗೆ ಮಾಡಿದರೆ ಎಷ್ಟೋ ರಾಜಿಗಳು ಮುರಿದುಬೀಳುತ್ತವೆ ಎನ್ನುವ ವಕೀಲರಿದ್ದಾರೆ. ಬೀಳಲಿ. ಆಗ ಅವಳ ಜೀವನಾಂಶದ ಅರ್ಜಿ ಕೋರ್ಟಿನಲ್ಲಿ ಇನ್ನೂ ಇರುತ್ತದೆ. ಈಗಿನ ರಾಜಿಯಲ್ಲಿ ಸಹಿಯ ಜೊತೆಗೇ ಅದನ್ನೂ ವಾಪಸು ಪಡೆಯಬೇಕಾಗುತ್ತದೆ.